ಬೀಸುಕಲ್ಲಿನಿಂದ ಬೀಸುಬಿಲ್ಲೆಗೆ: ಮನೆಯ ಕಾಫಿ ಬೀಸುಯಂತ್ರವನ್ನು ಕೊಳ್ಳುವ ಮತ್ತು ಹೂಡುವ ಬಗೆ

ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಶಾಸನ, ಛಂದಸ್ಸು, ಕಾವ್ಯಮೀಮಾಂಸೆಗಳಂತಹ ವಿಷಯಗಳು ಚರ್ಚೆಗೆ ಬರುತ್ತವೆ. ಈ ಸಂಚಿಕೆಗೆ ಅಡುಗೆಮನೆಯ ಒಂದು ಯಂತ್ರವನ್ನು ಕುರಿತು ಬರೆಯಲು ಕಾರಣವಿದೆ. ಐಚ್ಛಿಕ ಕನ್ನಡವನ್ನು ಓದಿದವರಲ್ಲಿ ಕೆಲವರು ಅಧ್ಯಾಪಕರಾಗುತ್ತಾರೆ; ಉಳಿದವರು ಅನುವಾದ, ಪಠ್ಯರಚನೆ, ಸುದ್ದಿಮನೆ, ಕೈಪಿಡಿಗಳ ಬರಹ ಮೊದಲಾದ ಕೆಲಸಗಳಿಗೆ ಹೋಗುತ್ತಾರೆ. ಅಲ್ಲಿ ಅವರ ಮೇಜಿನ ಮೇಲೆ ಬಂದು ಬೀಳುವುದು ಹೆಚ್ಚಾಗಿ ವಸ್ತುಗಳ ವಿವರಣೆ. ಒಂದು ಯಂತ್ರದ ಅಂಗಾಂಗಗಳನ್ನೂ ಅದು ನಡೆಯುವ ಬಗೆಯನ್ನೂ ಓದುಗನಿಗೆ ತಿಳಿಯುವ ಕನ್ನಡದಲ್ಲಿ ಹೇಳಬಲ್ಲೆವೇ ಎಂಬುದು ಅಲ್ಲಿ ನಡೆಯುವ ನಿಜವಾದ ಪರೀಕ್ಷೆ. ಅಂತಹ ಬರಹಕ್ಕೆ ಬೇಕಾದ ಮಾತು ಹಲವು ಸಲ ನಮ್ಮ ಹಿರಿಯರ ಮನೆಗಳಲ್ಲಿಯೇ ಇದೆ ಎಂಬುದನ್ನು ಒಂದು ಉದಾಹರಣೆಯಿಂದ ತೋರಿಸುವುದು ಈ ಲೇಖನದ ಉದ್ದೇಶ.

ಉದಾಹರಣೆಗೆ ಆಯ್ದುಕೊಂಡದ್ದು ಎಸ್‌ಪ್ರೆಸೊ ಕಾಫಿಗಾಗಿ ಬೀಜವನ್ನು ಪುಡಿಮಾಡುವ ಯಂತ್ರ. ಹಿಂದೂಪುರವು ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್ ದೂರದ ಊರು. ಅಲ್ಲಿನ ರುಚಿಗಳು ರೈಲು ಹತ್ತಿ ಇಲ್ಲಿಗೆ ಬರಲು ಹೆಚ್ಚು ಕಾಲ ಬೇಕಿಲ್ಲ. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಇಂತಹ ಯಂತ್ರಗಳನ್ನು ಹೊತ್ತು ತರುತ್ತಾರೆ. ಅವರು ಹಿಂತಿರುಗಿದ ಮೇಲೆ ಯಂತ್ರದ ಪಕ್ಕದಲ್ಲಿ ಇಂಗ್ಲಿಷ್ ಕೈಪಿಡಿಯೂ ಅದನ್ನು ಬಿಡಿಸಲಾರದ ಹಿರಿಯರೂ ಉಳಿಯುತ್ತಾರೆ. ಕಲ್ಯಾಣದುರ್ಗ, ಮಡಕಶಿರಾ ಕಡೆಯ ಕನ್ನಡ ಮನೆಗಳಲ್ಲಿ ರಾಗಿ ಬೀಸಿದ ನೆನಪಿರುವ ಅಜ್ಜಿಯರು ಇನ್ನೂ ಇದ್ದಾರೆ. ಈ ಲೇಖನವನ್ನು ವಿದ್ಯಾರ್ಥಿಗಳು ಅವರಿಗೆ ಓದಿ ಹೇಳಿದರೆ ಯಂತ್ರದ ಒಳಗನ್ನು ಅವರು ನಮಗಿಂತ ಬೇಗ ಗ್ರಹಿಸಬಲ್ಲರು.

ಬೀಸು ಎಂಬ ಕ್ರಿಯಾಪದ

ನಮ್ಮ ಮನೆಗಳಲ್ಲಿ ‘ಗ್ರೈಂಡರ್’ ಎಂದರೆ ದೋಸೆ ಹಿಟ್ಟು ರುಬ್ಬುವ ಯಂತ್ರ. ಅದೇ ಹೆಸರನ್ನು ಕಾಫಿಯ ಯಂತ್ರಕ್ಕೂ ಇಟ್ಟರೆ ಗೊಂದಲವಾಗುತ್ತದೆ. ಇಂಗ್ಲಿಷಿನ ಒಂದು ಪದ ಹೊರುವ ಕೆಲಸವನ್ನು ಕನ್ನಡದಲ್ಲಿ ನಾಲ್ಕೈದು ಕ್ರಿಯಾಪದಗಳು ಹಂಚಿಕೊಂಡಿವೆ. ಒಣ ಕಾಳನ್ನು ಎರಡು ಕಲ್ಲುಗಳ ನಡುವೆ ಹಾಯಿಸಿ ಹಿಟ್ಟು ಮಾಡುವುದು ಬೀಸುವುದು. ನೆನೆದ ಕಾಳನ್ನು ಒರಳಿನಲ್ಲಿ ತಿರುವುವುದು ರುಬ್ಬುವುದು. ಚಟ್ನಿ, ಮಸಾಲೆಗಳನ್ನು ಕಲ್ಲಿನ ಮೇಲೆ ನುಣ್ಣಗೆ ಮಾಡುವುದು ಅರೆಯುವುದು. ಒನಕೆಯಿಂದ ಮೇಲಿಂದ ಮೇಲೆ ಹೊಡೆಯುವುದು ಕುಟ್ಟುವುದು. ಗಂಧದ ಕೊರಡನ್ನು ಕಲ್ಲಿಗೆ ಉಜ್ಜುವುದು ತೇಯುವುದು. ಕಾಫಿಬೀಜ ಒಣಗಿದ್ದು, ಎರಡು ಹಲ್ಲುಳ್ಳ ಮುಖಗಳ ನಡುವೆ ಹಾಯ್ದು ಪುಡಿಯಾಗುವಂಥದ್ದು. ಆದ್ದರಿಂದ ಅದಕ್ಕೆ ಸಲ್ಲುವ ಕ್ರಿಯಾಪದ ‘ಬೀಸು’. ಯಂತ್ರವನ್ನು ‘ಬೀಸುಯಂತ್ರ’ ಎಂದು ಕರೆದರೆ ಅದು ಏನು ಮಾಡುತ್ತದೆ ಎಂಬುದರ ಅರ್ಧ ವಿವರಣೆ ಹೆಸರಿನಲ್ಲಿಯೇ ಬಂದುಬಿಡುತ್ತದೆ.

ಬೀಸು ಎಂಬುದಕ್ಕೆ ತೂಗಿ ಆಡಿಸು, ಸುತ್ತ ತಿರುಗಿಸು ಎಂಬ ಅರ್ಥಗಳೂ ಇವೆ. ಗಾಳಿ ಬೀಸುತ್ತದೆ, ಕವಣೆ ಬೀಸುತ್ತಾರೆ, ಕೈಯಲ್ಲಿ ಬೀಸಣಿಗೆ ಇರುತ್ತದೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂಬ ಗಾದೆಯೂ ಇದೆ. ತೆಲುಗಿನಲ್ಲಿ ಬೀಸುಕಲ್ಲಿಗೆ ‘ತಿರಗಲಿ’ ಎನ್ನುತ್ತಾರೆ. ಅದರಲ್ಲಿ ಹಿಟ್ಟು ಮಾಡುವ ಕ್ರಿಯೆಗೆ ‘ವಿಸರು’ ಎಂಬ ಮಾತಿದೆ. ಬೀಸಣಿಗೆಗೆ ‘ವಿಸನಕರ್ರ’ ಎಂಬ ಹೆಸರಿದೆ. ಎರಡು ನೆರೆಭಾಷೆಗಳು ಒಂದೇ ಕೈಚಲನೆಯನ್ನು ಕಂಡು ಒಂದೇ ಬಗೆಯಲ್ಲಿ ಹೆಸರಿಟ್ಟಿರುವುದನ್ನು ಈ ಗಡಿಸೀಮೆಯ ವಿದ್ಯಾರ್ಥಿಗಳು ಮನೆಯಲ್ಲಿಯೇ ಕೇಳಿ ತಿಳಿಯಬಹುದು.

ಕನ್ನಡ, ಮರಾಠಿ ಎರಡರಲ್ಲಿಯೂ ಶಾಲೆಯ ಪಾಠ ಓದಿದ ನನಗೆ ಮರಾಠಿಯ ಮಾತುಗಳೂ ಇಲ್ಲಿ ನೆನಪಾಗುತ್ತವೆ. ಬೀಸುಕಲ್ಲು ಅಲ್ಲಿ ‘ಜಾತೆ’. ನಯವಾಗಿ ಬೀಸುವುದು ‘ದಳಣೆ’. ತರಿತರಿಯಾಗಿ ಬೀಸುವುದು ‘ಭರಡಣೆ’. ಕಲ್ಲಿನ ಬಾಯಿಗೆ ಹಾಕುವ ಒಂದು ಹಿಡಿ ಕಾಳು ‘ಘಾಸ’, ಅಂದರೆ ತುತ್ತು. ನಯಕ್ಕೂ ತರಿಗೂ ಬೇರೆ ಬೇರೆ ಕ್ರಿಯಾಪದಗಳನ್ನು ಇಟ್ಟುಕೊಂಡ ಜನರಿಗೆ, ಪುಡಿಯ ಗಾತ್ರವೇ ರುಚಿಯನ್ನು ನಿರ್ಧರಿಸುತ್ತದೆ ಎಂಬ ಇಂದಿನ ಕಾಫಿಪ್ರಿಯರ ಮಾತು ಹೊಸದೆನಿಸದು.

ಕಲ್ಲು ಮತ್ತು ಬಿಲ್ಲೆ

ಬೀಸುಕಲ್ಲಿನ ರಚನೆಯನ್ನು ಒಮ್ಮೆ ನೆನೆಯೋಣ. ಕೆಳಗಿನ ಕಲ್ಲು ಕದಲುವುದಿಲ್ಲ. ಅದರ ನಡುವೆ ಒಂದು ಗೂಟ. ಮೇಲಿನ ಕಲ್ಲು ಆ ಗೂಟದ ಸುತ್ತ ತಿರುಗುತ್ತದೆ. ಅದರ ನಡುವಿನ ತೂತೇ ಕಲ್ಲಿನ ಬಾಯಿ. ಬಾಯಿಗೆ ಬಿದ್ದ ಕಾಳು ಎರಡು ಒರಟು ಮುಖಗಳ ನಡುವೆ ಸಿಕ್ಕಿ, ಒಡೆದು, ನುಚ್ಚಾಗಿ, ತರಿಯಾಗಿ, ಕೊನೆಗೆ ಹಿಟ್ಟಾಗಿ ಅಂಚಿನಿಂದ ಸುತ್ತಲೂ ಉದುರುತ್ತದೆ. ಬೇಳೆ ಒಡೆಯುವಾಗ ನಡುಗೂಟಕ್ಕೆ ಬಟ್ಟೆ ಸುತ್ತಿ ಮೇಲ್ಗಲ್ಲನ್ನು ಕೊಂಚ ಎತ್ತರಿಸುವ ಪದ್ಧತಿಯೂ ಕೆಲವು ಮನೆಗಳಲ್ಲಿತ್ತು. ಎರಡು ಕಲ್ಲುಗಳ ನಡುವಿನ ಸಂದು ಹೆಚ್ಚಿದರೆ ತರಿ, ಕುಗ್ಗಿದರೆ ಹಿಟ್ಟು.

ಕಾಫಿಯ ಬೀಸುಯಂತ್ರದಲ್ಲಿ ಇರುವುದು ಇಷ್ಟೇ. ಕಲ್ಲಿನ ಬದಲು ಉಕ್ಕಿನ ಎರಡು ಬಿಲ್ಲೆಗಳಿವೆ. ಇಂಗ್ಲಿಷಿನಲ್ಲಿ ಅವನ್ನು ‘ಬರ್’ ಎನ್ನುತ್ತಾರೆ, ನಾವು ‘ಬೀಸುಬಿಲ್ಲೆ’ ಎನ್ನಬಹುದು. ಒಂದು ನಿಂತಿರುತ್ತದೆ, ಇನ್ನೊಂದನ್ನು ಮೋಟಾರು ತಿರುಗಿಸುತ್ತದೆ. ನಡುವಿನಿಂದ ಬೀಜ ಒಳಬರುತ್ತದೆ. ನಡುವೆ ದೊಡ್ಡ ಹಲ್ಲುಗಳು ಅದನ್ನು ಒಡೆಯುತ್ತವೆ, ಅಂಚಿನ ಸಣ್ಣ ಹಲ್ಲುಗಳು ನಯಗೊಳಿಸುತ್ತವೆ. ಯಂತ್ರದ ಮೈಮೇಲಿರುವ ಅಂಕೆಗಳ ಬಳೆ ಎರಡು ಬಿಲ್ಲೆಗಳ ಸಂದನ್ನು ಹಿಗ್ಗಿಸಿ ಕುಗ್ಗಿಸುತ್ತದೆ.

ಬಿಲ್ಲೆಗಳಲ್ಲಿ ಎರಡು ಜಾತಿಗಳಿವೆ. ಚಪ್ಪಟೆ ಬಿಲ್ಲೆಗಳು ಎದುರುಬದುರಾಗಿ ಕೂರುತ್ತವೆ. ಇವು ನೇರವಾಗಿ ಬೀಸುಕಲ್ಲಿನ ಕುಲಕ್ಕೆ ಸೇರಿದವು. ಶಂಕುಬಿಲ್ಲೆಯಲ್ಲಿ ಹಲ್ಲುಳ್ಳ ಶಂಕುವೊಂದು ಹಲ್ಲುಳ್ಳ ಬಳೆಯೊಳಗೆ ತಿರುಗುತ್ತದೆ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ನಗರದ ರೊಟ್ಟಿ ಅಂಗಡಿಗಳಲ್ಲಿ ದೊರೆತ ಬೀಸುಕಲ್ಲುಗಳು ಇದೇ ಆಕಾರದವು: ಕೆಳಗೆ ಶಂಕುವಿನಂತಹ ಕಲ್ಲು, ಅದರ ಮೇಲೆ ಡಮರುಗದಂತಹ ಪೊಳ್ಳು ಕಲ್ಲು. ಮುಂದೆ ಮೋಟಾರು ವಾಹನಗಳಿಗೆ ಹೆಸರಾದ ಫ್ರಾನ್ಸಿನ ಪ್ಯೂಜೊ ಮನೆತನದ ಕಾರ್ಖಾನೆ 1840ರಷ್ಟು ಹಿಂದೆಯೇ ಮನೆಬಳಕೆಯ ಕಾಫಿ ಬೀಸುಯಂತ್ರಗಳನ್ನು ಮಾಡುತ್ತಿತ್ತು. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಮೇಜಿನ ಅಂಚಿಗೆ ತಿರುಪಿನಿಂದ ಬಿಗಿದಿರುತ್ತಿದ್ದ, ಕೈಯಿಂದ ತಿರುಗಿಸುವ ಕಬ್ಬಿಣದ ಕಾಫಿಯಂತ್ರವೂ ಈ ಬಳಗದ್ದೇ.

ಮಿಕ್ಸಿ ಈ ಕುಲಕ್ಕೆ ಸೇರಿದ್ದಲ್ಲ. ಅದರಲ್ಲಿ ಸಂದು ಎಂಬುದಿಲ್ಲ; ಅಲಗು ಕೈಗೆ ಸಿಕ್ಕ ಕಾಳನ್ನು ಕತ್ತರಿಸುತ್ತ ಹೋಗುತ್ತದೆ. ಹೀಗಾಗಿ ಅದೇ ಪಾತ್ರೆಯಲ್ಲಿ ಧೂಳೂ ಇರುತ್ತದೆ, ಅರ್ಧ ಒಡೆದ ಬೀಜವೂ ಇರುತ್ತದೆ.

ಎಸ್‌ಪ್ರೆಸೊಗೆ ಏಕೆ ಇಷ್ಟು ಸೂಕ್ಷ್ಮ?

ನಮ್ಮ ಹಿತ್ತಾಳೆಯ ಫಿಲ್ಟರಿನಲ್ಲಿ ಬಿಸಿನೀರು ತನ್ನ ಭಾರದಿಂದಲೇ ನಿಧಾನವಾಗಿ ಇಳಿದು ಡಿಕಾಕ್ಷನ್ ಆಗುತ್ತದೆ. ಪುಡಿ ತುಸು ಒರಟಾದರೂ, ತುಸು ನಯವಾದರೂ ಸಮಯ ಅದನ್ನು ಸರಿದೂಗಿಸುತ್ತದೆ. ಚಿಕೋರಿ ಬೆರೆತಿದ್ದರೆ ದಪ್ಪವೂ ಬರುತ್ತದೆ. ಎಸ್‌ಪ್ರೆಸೊ ಇಟಲಿಯ ಪದ್ಧತಿ. 1884ರಲ್ಲಿ ಟೂರಿನ್ ನಗರದ ಆಂಜೆಲೊ ಮೊರಿಯೊಂಡೊ ಹಬೆಯ ಒತ್ತಡದ ಕಾಫಿಯಂತ್ರಕ್ಕೆ ಹಕ್ಕುಪತ್ರ ಪಡೆದರು. ಮಿಲಾನಿನ ಲುಯಿಜಿ ಬೆತ್ಸೆರಾ 1901ರಲ್ಲಿ ಲೋಟ ಲೋಟವಾಗಿ ಇಳಿಸುವ ವಿಧಾನವನ್ನು ತಂದರು. ಎರಡನೆಯ ಮಹಾಯುದ್ಧದ ತರುವಾಯ ಅಕಿಲ್ಲೆ ಗಾಜಿಯಾ ಅವರ ಸನ್ನೆಯ ಯಂತ್ರದಿಂದ ಒತ್ತಡ ಬಹಳ ಹೆಚ್ಚಿ, ಮೇಲೆ ನೊರೆಗಟ್ಟುವ ಇಂದಿನ ಎಸ್‌ಪ್ರೆಸೊ ರೂಪುಗೊಂಡಿತು.

ಇದರಲ್ಲಿ ನೀರನ್ನು ವಾತಾವರಣದ ಒತ್ತಡದ ಸುಮಾರು ಒಂಬತ್ತು ಪಟ್ಟು ಒತ್ತಡದಲ್ಲಿ ನೂಕಲಾಗುತ್ತದೆ. ಇಡೀ ಕೆಲಸ 25ರಿಂದ 30 ಸೆಕೆಂಡುಗಳಲ್ಲಿ ಮುಗಿಯುತ್ತದೆ. ನೀರಿಗೆ ಎದುರು ನಿಲ್ಲುವುದು ಪುಡಿಯ ಹಾಸೊಂದೇ. ಪುಡಿ ಒರಟಾಗಿದ್ದರೆ ನೀರು ಸರ್ರನೆ ಹಾಯ್ದು, ಕಾಫಿ ತೆಳ್ಳಗೆ ಹುಳಿಹುಳಿಯಾಗುತ್ತದೆ. ಅತಿ ನಯವಾಗಿದ್ದರೆ ನೀರು ತಡೆದು ತಡೆದು ತೊಟ್ಟಿಕ್ಕಿ ಕಹಿಯಾಗುತ್ತದೆ. ಧೂಳೂ ತರಿಯೂ ಬೆರೆತಿದ್ದರೆ ಒಂದೇ ಲೋಟದಲ್ಲಿ ಹುಳಿಯೂ ಕಹಿಯೂ ಸೇರುತ್ತವೆ. ನಯ ಹೆಚ್ಚಿದಷ್ಟೂ ಸಾರ ಹೆಚ್ಚು ಎಂಬ ನಂಬಿಕೆಗೂ ಮಿತಿಯಿದೆ. ಒಂದು ಹಂತವನ್ನು ದಾಟಿದ ಮೇಲೆ ಹಾಸಿನ ಕೆಲವು ಭಾಗ ಕಟ್ಟಿಕೊಂಡು, ನೀರು ಸಮವಾಗಿ ಹರಿಯದೆ ಸಾರ ಇಳಿಯುವುದು ಕಡಿಮೆಯಾಗುತ್ತದೆ ಎಂಬುದನ್ನು 2020ರಲ್ಲಿ ‘ಮ್ಯಾಟರ್’ ಎಂಬ ವಿಜ್ಞಾನಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ತೋರಿಸಿತು.

ಎಸ್‌ಪ್ರೆಸೊ ಪುಡಿಯ ಗಾತ್ರವನ್ನು ನಮ್ಮ ಅಡುಗೆಮನೆಯ ಅಳತೆಯಲ್ಲಿ ಹೇಳುವುದಾದರೆ ಅದು ಚಿರೋಟಿ ರವೆಗಿಂತ ನಯ, ಮೈದಾಹಿಟ್ಟಿಗಿಂತ ಒರಟು. ಎರಡು ಬೆರಳುಗಳ ನಡುವೆ ಉಜ್ಜಿದರೆ ಕಣಗಳು ತಿಳಿಯಬೇಕು. ಹಿಸುಕಿದರೆ ಕ್ಷಣಮಾತ್ರ ಮುದ್ದೆಗಟ್ಟಿ ಮತ್ತೆ ಒಡೆಯಬೇಕು.

ಕೊಳ್ಳುವ ಮುನ್ನ

ಮೊದಲ ಪ್ರಶ್ನೆ, ಈ ಯಂತ್ರ ಬೇಕೇ ಎಂಬುದು. ಮನೆಯಲ್ಲಿ ಕುಡಿಯುವುದು ಫಿಲ್ಟರ್ ಕಾಫಿಯೇ ಆಗಿದ್ದರೆ, ಪೇಟೆಯ ಕಾಫಿಪುಡಿ ಅಂಗಡಿಯಲ್ಲಿ ವಾರಕ್ಕೆ ಬೇಕಾದಷ್ಟು ಬೀಸಿಸಿ ತರುವುದೇ ಸರಿ. ಬೀಜವನ್ನು ಆಯಾ ಹೊತ್ತಿಗೆ ಬೀಸಿಕೊಂಡು ಎಸ್‌ಪ್ರೆಸೊ ಮಾಡುವ ಮನಸ್ಸಿದ್ದು, ಒಂದೆರಡು ಲೋಟ ಮಾತ್ರ ಸಾಕು ಎನ್ನುವವರಿಗೆ ಕೈಯಿಂದ ತಿರುಗಿಸುವ ಉತ್ತಮ ಬೀಸುಯಂತ್ರ ಸಾಲುತ್ತದೆ. ವಿದ್ಯುತ್ ಯಂತ್ರಕ್ಕೆ ತೆರುವ ಹಣದ ಒಂದು ಪಾಲಿಗೆ ಅಷ್ಟೇ ಒಳ್ಳೆಯ ಬಿಲ್ಲೆಗಳು ಇದರಲ್ಲಿ ದೊರೆಯುತ್ತವೆ, ಏಕೆಂದರೆ ಮೋಟಾರಿನ ವೆಚ್ಚ ಇಲ್ಲ. ಸಂಬಳದ ಮೊದಲ ವರ್ಷದಲ್ಲಿರುವ ಯುವಕ ಯುವತಿಯರು ಸಾಲ ಮಾಡಿ ದೊಡ್ಡ ಯಂತ್ರ ಕೊಳ್ಳುವ ಅಗತ್ಯವಿಲ್ಲ.

ವಿದ್ಯುತ್ ಯಂತ್ರವನ್ನೇ ಕೊಳ್ಳುವುದಾದರೆ ನೋಡಬೇಕಾದ ಅಂಶಗಳು ನಾಲ್ಕು. ಮೊದಲನೆಯದು ಸಂದನ್ನು ಹೊಂದಿಸುವ ಬಳೆ. ಫಿಲ್ಟರಿಗೆ ಮಾತ್ರ ತಕ್ಕ ಯಂತ್ರಗಳಲ್ಲಿ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಅಂತರ ದೊಡ್ಡದು. ಎಸ್‌ಪ್ರೆಸೊಗೆ ಮೆಟ್ಟಿಲೇ ಇಲ್ಲದ, ಇಲ್ಲವೇ ಬಹು ಸಣ್ಣ ಮೆಟ್ಟಿಲುಗಳಿರುವ ಬಳೆ ಬೇಕು. ಎರಡನೆಯದು ಬಿಲ್ಲೆಯ ಅಡ್ಡಳತೆ. ಮನೆಬಳಕೆಯಲ್ಲಿ 40 ಮಿಲಿಮೀಟರಿನ ಶಂಕುಬಿಲ್ಲೆಯಿಂದ ಹಿಡಿದು 64 ಮಿಲಿಮೀಟರಿನ ಚಪ್ಪಟೆ ಬಿಲ್ಲೆಯವರೆಗೆ ರೂಢಿಯಲ್ಲಿವೆ. ಮೂರನೆಯದು ಯಂತ್ರದೊಳಗೆ ಉಳಿದುಕೊಳ್ಳುವ ಪುಡಿ. ನಿನ್ನೆಯ ಪುಡಿ ಇಂದಿನ ಲೋಟಕ್ಕೆ ಬೆರೆಯದಂತೆ, ತೂಗಿ ಹಾಕಿದಷ್ಟೇ ಬೀಸಿ ಹೊರಹಾಕುವ ಯಂತ್ರ ಮನೆಗೆ ಮೇಲು. ನಾಲ್ಕನೆಯದು ವಿದ್ಯುತ್ತಿನ ಒತ್ತಡ. ನಮ್ಮಲ್ಲಿ 230 ವೋಲ್ಟ್. ಅಮೆರಿಕದಿಂದ ಬಂಧುಗಳು ತರುವ 120 ವೋಲ್ಟಿನ ಯಂತ್ರವನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಮೋಟಾರು ಸುಟ್ಟುಹೋಗುತ್ತದೆ.

ಬಿಲ್ಲೆಯನ್ನು ಬದಲಿಸುವುದು

ಯಂತ್ರದ ಮೈ ಹಾಗೇ ಇರುತ್ತದೆ, ಬಿಲ್ಲೆ ಮಾತ್ರ ಬದಲಾಗುತ್ತದೆ: ಇದು ಈಚಿನ ಹವ್ಯಾಸಿಗಳ ನಡುವೆ ಬಹಳ ಚರ್ಚೆಯ ವಿಷಯ. 64 ಮಿಲಿಮೀಟರಿನ ಚಪ್ಪಟೆ ಬಿಲ್ಲೆಗಳನ್ನು ಬಳಸುವ ಡಿಎಫ್ 64ರಂತಹ ಯಂತ್ರಗಳು ಜನಪ್ರಿಯವಾದುದಕ್ಕೆ ಇದೂ ಒಂದು ಕಾರಣ. ಕೊರಿಯಾದ ಎಸ್‌ಎಸ್‌ಪಿ ಮೊದಲಾದ ತಯಾರಕರು ಈ ಅಳತೆಯಲ್ಲಿ ಬಗೆಬಗೆಯ ಹಲ್ಲಿನ ವಿನ್ಯಾಸಗಳನ್ನು ಮಾಡುತ್ತಾರೆ. ಕೆಲವು ವಿನ್ಯಾಸಗಳು ಧೂಳನ್ನು ಕಡಿಮೆ ಮಾಡಿ ರುಚಿಯ ಎಳೆಗಳನ್ನು ಬಿಡಿಬಿಡಿಯಾಗಿ ತೋರುತ್ತವೆ. ಕೆಲವು ಒಂದಷ್ಟು ಧೂಳನ್ನು ಉಳಿಸಿ ಕಾಫಿಗೆ ಮಂದವಾದ ಮೈಯನ್ನು ಕೊಡುತ್ತವೆ. ಹಾಲು ಬೆರೆಸಿ ಕುಡಿಯುವ ಮನೆಗೆ ಎರಡನೆಯ ಬಗೆ ಒಪ್ಪುತ್ತದೆ. ಬಿಲ್ಲೆಯ ಮೇಲಿನ ಹೊಂಬಣ್ಣದ ಅಥವಾ ಕಪ್ಪುಬಣ್ಣದ ಲೇಪ ಅದರ ಬಾಳಿಕೆಯನ್ನು ಹೆಚ್ಚಿಸಲು ಇರುವುದು. ರುಚಿಯನ್ನು ನಿರ್ಧರಿಸುವುದು ಹಲ್ಲಿನ ಆಕಾರ.

ಬೀಸುಕಲ್ಲಿನ ಬಳಕೆಯಲ್ಲಿಯೂ ಇದಕ್ಕೆ ಸಮನಾದ ಕೆಲಸವಿತ್ತು. ಕಲ್ಲು ಸವೆದು ನುಣುಪಾದಾಗ ಹಿಟ್ಟು ಬೆಚ್ಚಗಾಗುತ್ತದೆ, ಕೈ ಸೋಲುತ್ತದೆ, ಕಾಳು ಬೀಸುವ ಬದಲು ಉಜ್ಜಿದಂತಾಗುತ್ತದೆ. ಆಗ ಉಳಿ, ಸುತ್ತಿಗೆ ಹಿಡಿದು ಬೀದಿಗೆ ಬರುತ್ತಿದ್ದವರನ್ನು ಕರೆದು ಕಲ್ಲಿನ ಮುಖಕ್ಕೆ ಹೊಸದಾಗಿ ಕಚ್ಚು ಹಾಕಿಸುತ್ತಿದ್ದರು. ಮರಾಠಿಯಲ್ಲಿ ಉಳಿಗೆ ‘ಟಾಕೀ’ ಎಂಬ ಮಾತಿದೆ. ಆ ಕಸುಬಿನಿಂದಲೇ ಒಂದು ಸಮುದಾಯಕ್ಕೆ ‘ಟಾಕಾರಿ’ ಎಂಬ ಹೆಸರು ಬಂದಿದೆ. ಕಚ್ಚು ಹಾಕಿಸಿದ ಮೇಲೆ ಮೊದಲ ಒಂದೆರಡು ಹಿಡಿ ಹಿಟ್ಟನ್ನು ಉಣ್ಣುವುದಕ್ಕೆ ಬಳಸುತ್ತಿರಲಿಲ್ಲ, ಅದರಲ್ಲಿ ಕಲ್ಲಿನ ಪುಡಿ ಇರುತ್ತಿತ್ತು. ಹೊಸ ಬಿಲ್ಲೆಗೂ ಇದೇ ನಿಯಮ ಸಲ್ಲುತ್ತದೆ ಎಂಬುದನ್ನು ಮುಂದೆ ನೋಡಲಿದ್ದೇವೆ.

ಹೊಸ ಬಿಲ್ಲೆ ತರಿಸುವ ಮೊದಲು ಅಡ್ಡಳತೆ, ತಿರುಪಿನ ತೂತುಗಳ ಸಂಖ್ಯೆ ಮತ್ತು ಸ್ಥಾನ, ಬಿಲ್ಲೆಯ ದಪ್ಪ, ಮೋಟಾರು ತಿರುಗುವ ದಿಕ್ಕು ಹೊಂದುತ್ತವೆಯೇ ಎಂದು ಪರೀಕ್ಷಿಸಬೇಕು. ಹಲ್ಲುಗಳನ್ನು ಒಂದು ದಿಕ್ಕಿನ ತಿರುಗುವಿಕೆಗಾಗಿಯೇ ಕೊರೆದಿರುತ್ತಾರೆ. ಬಿಲ್ಲೆ ಬದಲಿಸಿದರೆ ಯಂತ್ರದ ಖಾತರಿ ಉಳಿಯುವುದೇ ಎಂಬುದನ್ನು ಮಾರಾಟಗಾರರಿಂದ ಬರಹದಲ್ಲಿ ಕೇಳಿಕೊಳ್ಳುವುದು ಒಳಿತು. ಯಂತ್ರದೊಡನೆ ಬಂದ ಬಿಲ್ಲೆಯನ್ನೇ ಮೊದಲು ಕೆಲವು ತಿಂಗಳು ಬಳಸಿ ನಾಲಗೆ ಪಳಗಿದ ಬಳಿಕ ಬದಲಿಸಿದರೆ, ವ್ಯತ್ಯಾಸವಾದರೂ ತಿಳಿಯುತ್ತದೆ.

ಹೂಡುವುದು

ಒಲೆ ಹೂಡುವುದು, ನೇಗಿಲು ಹೂಡುವುದು ಎಂಬ ರೂಢಿಯ ಜಾಡಿನಲ್ಲಿ ಯಂತ್ರವನ್ನು ಅಣಿಮಾಡುವುದಕ್ಕೂ ‘ಹೂಡು’ ಎಂಬ ಮಾತನ್ನೇ ಬಳಸುತ್ತೇನೆ. ಕ್ರಮ ಹೀಗಿದೆ.

1. ಮೊದಲು ವಿದ್ಯುತ್ ತಂತಿಯನ್ನು ಸಾಕೆಟ್ಟಿನಿಂದ ಕಿತ್ತು ಪಕ್ಕಕ್ಕಿಡಿ. ಗುಂಡಿ ಆರಿಸಿದರೆ ಸಾಲದು.

2. ಹಳೆಯ ಬಿಲ್ಲೆಗಳ ತಿರುಪುಗಳನ್ನು ಬಿಚ್ಚಿ, ಬಿಲ್ಲೆ ಕೂರುವ ಪೀಠವನ್ನು ಒಣ ಕುಂಚದಿಂದ, ಬಳಿಕ ಬಟ್ಟೆಯಿಂದ ಶುಚಿಮಾಡಿ. ಪೀಠದ ಮೇಲೆ ಒಂದು ಕಣ ಪುಡಿ ಉಳಿದರೂ ಬಿಲ್ಲೆ ಓರೆಯಾಗಿ ಕೂರುತ್ತದೆ.

3. ಹೊಸ ಬಿಲ್ಲೆಯನ್ನಿಟ್ಟು ಎಲ್ಲ ತಿರುಪುಗಳನ್ನು ಮೊದಲು ಸಡಿಲವಾಗಿ ಕೂರಿಸಿ. ಆಮೇಲೆ ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ. ಒಂದನ್ನೇ ಪೂರ್ತಿ ಬಿಗಿದರೆ ಬಿಲ್ಲೆಯ ಎದುರುಬದಿ ಮೇಲೇಳುತ್ತದೆ.

4. ಎರಡು ಬಿಲ್ಲೆಗಳು ಸಮಾಂತರವಾಗಿವೆಯೇ ಎಂದು ನೋಡಿ. ಒಂದು ಬಿಲ್ಲೆಯ ಅಂಚಿಗೆ ಬಿಳಿಹಲಗೆಯ ಮೇಲೆ ಬರೆಯುವ ಮಾರ್ಕರಿನಿಂದ ಸುತ್ತ ಬಣ್ಣ ಬಳಿಯಿರಿ. ಯಂತ್ರವನ್ನು ಜೋಡಿಸಿ, ಬಿಲ್ಲೆಗಳು ತಾಕುವವರೆಗೆ ಬಳೆಯನ್ನು ಕುಗ್ಗಿಸಿ, ಬಿಲ್ಲೆಯನ್ನು ಕೈಯಿಂದಲೇ ಒಂದು ಸುತ್ತು ತಿರುಗಿಸಿ ಬಿಚ್ಚಿ ನೋಡಿ. ಸುತ್ತಲೂ ಬಣ್ಣ ಅಳಿಸಿದ್ದರೆ ಸರಿ. ಒಂದೇ ಬದಿಯಲ್ಲಿ ಅಳಿಸಿದ್ದರೆ, ಅಳಿಸದೆ ಉಳಿದ ಬದಿ ತಗ್ಗಾಗಿದೆ ಎಂದರ್ಥ. ಅಲ್ಲಿ ಬಿಲ್ಲೆಯ ಅಡಿಗೆ ಅಲ್ಯೂಮಿನಿಯಂ ಹಾಳೆಯ ಸಣ್ಣ ಚೂರನ್ನಿಟ್ಟು ಮತ್ತೆ ಪರೀಕ್ಷಿಸಿ. ಸಮವಾದ ಮೇಲೆ ಬಣ್ಣವನ್ನು ಒರೆಸಿ ತೆಗೆಯಿರಿ.

5. ಸೊನ್ನೆಯನ್ನು ಗೊತ್ತುಮಾಡಿಕೊಳ್ಳಿ. ಬೀಜ ಹಾಕದೆ, ಸಂದನ್ನು ಸಾಕಷ್ಟು ಅಗಲವಾಗಿಟ್ಟು ಯಂತ್ರವನ್ನು ನಡೆಸಿ, ಬಳೆಯನ್ನು ಮೆಲ್ಲನೆ ಕುಗ್ಗಿಸುತ್ತ ಬನ್ನಿ. ಲೋಹ ಲೋಹಕ್ಕೆ ತಾಕುವ ಕಿರುಸದ್ದು ಕೇಳಿದೊಡನೆ ನಿಲ್ಲಿಸಿ, ಒಂದಿಷ್ಟು ಹಿಂದಕ್ಕೆ ತನ್ನಿ. ಬಳೆಯ ಮೇಲಿನ ಅಂಕೆ ಏನೇ ಇರಲಿ, ನಿಮ್ಮ ಯಂತ್ರದ ನಿಜವಾದ ಸೊನ್ನೆ ಆ ಸದ್ದು ಕೇಳಿದ ಜಾಗ. ಎಲ್ಲ ಅಳತೆಯನ್ನೂ ಅಲ್ಲಿಂದ ಎಣಿಸಿ.

6. ಹೊಸ ಬಿಲ್ಲೆಯನ್ನು ಪಳಗಿಸಿ. ಹಳತಾದ, ಅಗ್ಗದ ಕಾಫಿಬೀಜವನ್ನು ಒಂದು ಕಿಲೋದಷ್ಟಾದರೂ ಬೀಸಿ ಆ ಪುಡಿಯನ್ನು ಗಿಡಗಳ ಬುಡಕ್ಕೆ ಹಾಕಿ. ಹೊಸ ಹಲ್ಲುಗಳ ಅತಿಯಾದ ಮೊನೆ ಮುರಿದು ಪುಡಿಯ ಗಾತ್ರ ಸ್ಥಿರವಾಗುತ್ತದೆ. ಇದಕ್ಕೆ ಅಕ್ಕಿ, ರಾಗಿ ಬಳಸಕೂಡದು. ಹುರಿದ ಕಾಫಿಬೀಜ ಪೆಳಸು. ಹಸಿ ಅಕ್ಕಿ ಅದಕ್ಕಿಂತ ಗಟ್ಟಿ, ಮೋಟಾರಿಗೆ ಹೊರೆ. ಧನಿಯಾ, ಮೆಣಸು, ಚಿಕೋರಿಗಳನ್ನೂ ಇದರೊಳಗೆ ಹಾಕಬಾರದು.

ಹದ ಹಿಡಿಯುವುದು

ಯಂತ್ರವನ್ನು ಹೂಡಿದ ಮೇಲೆ ಉಳಿಯುವುದು ಪ್ರತಿ ಹೊಸ ಬೀಜಕ್ಕೂ ಸಂದನ್ನು ಹೊಂದಿಸುವ ಕೆಲಸ. ಇದಕ್ಕೆ ಕನ್ನಡದಲ್ಲಿ ‘ಹದ’ ಎಂಬ ಒಪ್ಪುವ ಮಾತು ಆಗಲೇ ಇದೆ. ಮುದ್ದೆಗೆ ಹದ, ಪಾಕಕ್ಕೆ ಹದ, ಬಿತ್ತನೆಗೆ ನೆಲದ ಹದ. ಹದವೆಂದರೆ ಒಂದು ಗೊತ್ತಾದ ಅಂಕಿಯಲ್ಲ. ಆಯಾ ದಿನದ ವಸ್ತು, ನೀರು, ಬಿಸಿಗಳಿಗೆ ತಕ್ಕಂತೆ ಮತ್ತೆ ಮತ್ತೆ ಕಂಡುಕೊಳ್ಳಬೇಕಾದ ಸ್ಥಿತಿ.

ಆರಂಭಕ್ಕೆ ಈ ಅಳತೆ ಸಾಕು: 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25ರಿಂದ 30 ಸೆಕೆಂಡುಗಳಲ್ಲಿ ಇಳಿಯಬೇಕು. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿಯೂ ಗಡಿಯಾರವೂ ಇರಲಿ. 15 ಸೆಕೆಂಡಿಗೇ ಇಳಿದುಬಿಟ್ಟರೆ ಸಂದನ್ನು ಕುಗ್ಗಿಸಿ. 45 ಸೆಕೆಂಡಾದರೂ ತೊಟ್ಟಿಕ್ಕುತ್ತಿದ್ದರೆ ಹಿಗ್ಗಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ; ಪುಡಿಯ ತೂಕವನ್ನೂ ಸಂದನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಸಂದನ್ನು ಕುಗ್ಗಿಸುವಾಗ ಮೋಟಾರು ನಡೆಯುತ್ತಿರಲಿ. ನಿಂತ ಯಂತ್ರದಲ್ಲಿ ಕುಗ್ಗಿಸಿದರೆ ನಡುವೆ ಸಿಕ್ಕ ಬೀಜದ ಚೂರುಗಳು ಬಿಲ್ಲೆಯನ್ನು ಹಿಡಿದುಬಿಡುತ್ತವೆ. ಬಳೆ ಬದಲಿಸಿದ ಮೇಲೆ ಮೊದಲ ಎರಡು ಮೂರು ಗ್ರಾಂ ಪುಡಿಯಲ್ಲಿ ಹಳೆಯ ಗಾತ್ರದ ಉಳಿಕೆ ಇರುವುದರಿಂದ ಅದನ್ನು ಚೆಲ್ಲಿ. ಕೊನೆಯ ತೀರ್ಪು ನಾಲಗೆಯದು: ಹುಳಿ ಮುಂದಾದರೆ ಇನ್ನೂ ನಯ, ಕಹಿ ಮುಂದಾದರೆ ಇನ್ನೂ ತರಿ.

ಬೀಜದ ಸ್ವಭಾವವೂ ಎಣಿಕೆಗೆ ಬರುತ್ತದೆ. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಅರಕು ಕಣಿವೆಗಳ ಅರೇಬಿಕಾ ಕಾಫಿಗಳಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಈ ಹೆಸರುಗಳಲ್ಲಿ ಬರುವ ಬೀಜವನ್ನು ಎಷ್ಟು ಹುರಿದಿದ್ದಾರೆ ಎಂಬುದರ ಮೇಲೆ ಹದ ನಿಲ್ಲುತ್ತದೆ. ಎಳೆಹುರಿತದ ಬೀಜ ಗಟ್ಟಿ, ಅದಕ್ಕೆ ಸಂದು ಕಿರಿದಾಗಬೇಕು. ಕಪ್ಪಾಗಿ ಹುರಿದದ್ದು ಪೆಳಸು. ಮೈಮೇಲೆ ಎಣ್ಣೆಯೂ ಬಿಟ್ಟಿರುತ್ತದೆ. ಅಂತಹ ಬೀಜ ಬಳಸುವವರು ಬಿಲ್ಲೆಗಳನ್ನು ತಿಂಗಳಿಗೊಮ್ಮೆಯಾದರೂ ಬಿಚ್ಚಿ ಒಣ ಕುಂಚದಿಂದ ಶುಚಿಮಾಡಬೇಕು. ನೀರು ತಾಕಿಸಿದರೆ ಉಕ್ಕು ತುಕ್ಕು ಹಿಡಿಯುತ್ತದೆ.

ನಮ್ಮ ಸೀಮೆಗೆ ವಿಶೇಷವಾದ ಒಂದು ತೊಡಕಿದೆ. ಅನಂತಪುರದ ಸೀಮೆ ಮಳೆನೆರಳಿನ ಬಯಲು, ವರ್ಷದ ಹೆಚ್ಚು ತಿಂಗಳು ಒಣಹವೆ. ಒಣಹವೆಯಲ್ಲಿ ಬೀಸುವಾಗ ಪುಡಿಗೆ ಸ್ಥಿರವಿದ್ಯುತ್ತು ತಗುಲಿ ಅದು ಯಂತ್ರದ ಬಾಯಿಗೂ ಬಟ್ಟಲಿಗೂ ಅಂಟಿಕೊಂಡು ಸುತ್ತ ಹಾರುತ್ತದೆ. ಇದಕ್ಕೆ ಮದ್ದು ಸುಲಭ. ಬೀಸುವ ಮುನ್ನ ಬೀಜದ ಮೇಲೆ ಒಂದೆರಡು ಹನಿ ನೀರು ಚಿಮುಕಿಸಿ ಕಲಕಿದರೆ ಸಾಕು. ತೇವವಿದ್ದಾಗ ಸ್ಥಿರವಿದ್ಯುತ್ತು ಕುಗ್ಗಿ ಪುಡಿ ಹೆಚ್ಚು ಸಮವಾಗಿ ಬರುತ್ತದೆ ಎಂಬುದನ್ನು ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಯೋಗದಿಂದ ತೋರಿಸಿದರು. ಇನ್ನು ಈ ಭಾಗದ ಕೊಳವೆಬಾವಿಗಳ ನೀರು ಗಡಸು. ಅದು ಬೀಸುಯಂತ್ರಕ್ಕೆ ಸಂಬಂಧಿಸಿದ್ದಲ್ಲವಾದರೂ ಕಾಫಿ ಇಳಿಸುವ ಯಂತ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ ಎಂಬುದು ನೆನಪಿರಲಿ.

ಮಾತಿನ ಉಳಿವು

ಬೀಸುವ ಕಲ್ಲಿನೊಂದಿಗೆ ಬಂದದ್ದು ಹಿಟ್ಟು ಮಾತ್ರವಲ್ಲವೆಂಬುದನ್ನು ಜಾನಪದ ಪತ್ರಿಕೆಯಲ್ಲಿ ಓದಿದ್ದೀರಿ. ಬೀಸುವ ಪದಗಳ ತ್ರಿಪದಿ, ಮರಾಠಿಯ ಓವಿ, ಎರಡೂ ಕಲ್ಲಿನ ಸುತ್ತಿನೊಡನೆ ಹೆಜ್ಜೆ ಹಾಕಿದವು. ಸಂತ ಜನಾಬಾಯಿಯೊಡನೆ ವಿಠ್ಠಲನೇ ಕಲ್ಲು ಹಿಡಿದು ಬೀಸಿದನೆಂಬ ಐತಿಹ್ಯ ಮಹಾರಾಷ್ಟ್ರದಲ್ಲಿದೆ. ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನದಲ್ಲಿ ಕನ್ನಡ ಹೆಣ್ಣುಮಕ್ಕಳ ತ್ರಿಪದಿಗಳನ್ನು ಉಳಿಸಿಕೊಟ್ಟರು. ಮರಾಠಿಯಲ್ಲಿ ಹೇಮಾ ರಾಯಿರ್ಕರ್ ಮತ್ತು ಗೀ ಪ್ವಾತೆವಾಂ ಅವರ ನೇತೃತ್ವದಲ್ಲಿ ಬೀಸುವ ಹಾಡುಗಳನ್ನು ಲಕ್ಷಕ್ಕೂ ಮೀರಿ ಸಂಗ್ರಹಿಸಲಾಯಿತು. ಆದರೆ ಬೀಸುವುದು ಹೆಣ್ಣುಮಕ್ಕಳ ತೋಳು ಬೆನ್ನುಗಳನ್ನು ಸವೆಸಿದ ದುಡಿಮೆಯೂ ಹೌದು. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ಅವರು ನಿಟ್ಟುಸಿರಿಟ್ಟದ್ದು ಸಹಜ. ಕಲ್ಲು ಮರಳಿ ಬರಲೆಂದು ಹಾರೈಸುವ ಹಕ್ಕು ಅದನ್ನು ಎಳೆಯದ ನಮಗಿಲ್ಲ.

ಕಲ್ಲಿನ ಮಾತು ಮಾತ್ರ ಕಲ್ಲಿನೊಡನೆ ಹೋಗಬೇಕಾಗಿಲ್ಲ. ಈ ಲೇಖನದಲ್ಲಿ ಬಂದ ಬೀಸು, ಬಾಯಿ, ಸಂದು, ಕಚ್ಚು, ನುಚ್ಚು, ತರಿ, ಪೆಳಸು, ಹೂಡು, ಹದ ಎಂಬ ಪದಗಳಲ್ಲಿ ಒಂದನ್ನೂ ಹೊಸದಾಗಿ ಹುಟ್ಟಿಸಿದ್ದಲ್ಲ. ಕಟ್ಟಿಕೊಂಡದ್ದು ಬೀಸುಯಂತ್ರ, ಬೀಸುಬಿಲ್ಲೆ, ಶಂಕುಬಿಲ್ಲೆ ಎಂಬ ಮೂರು ಸಮಾಸಗಳು ಮಾತ್ರ. ಮೋಟಾರು, ವೋಲ್ಟ್, ಮಾರ್ಕರ್‌ಗಳು ಬಂದ ಹಾಗೆಯೇ ಉಳಿದಿವೆ. ಜನ ಒಪ್ಪಿಕೊಂಡ ಮಾತನ್ನು ಓಡಿಸುವ ಅಗತ್ಯವೂ ಇಲ್ಲ. ಬಳಕೆಯಲ್ಲಿದ್ದ ಮಾತು ತನ್ನ ವಸ್ತುವನ್ನು ಕಳೆದುಕೊಂಡಾಗ ಅದಕ್ಕೆ ಇನ್ನೊಂದು ವಸ್ತುವನ್ನು ಒದಗಿಸುವುದು ಬರಹಗಾರನ ಕೆಲಸಗಳಲ್ಲಿ ಒಂದು. ಹಾಗೆ ಒದಗಿಸದಿದ್ದರೆ ಮುಂದಿನ ತಲೆಮಾರಿಗೆ ‘ಕಚ್ಚು’ ಎಂಬುದು ನಿಘಂಟಿನ ಒಂದು ನಮೂದಾಗಿ ಮಾತ್ರ ಸಿಕ್ಕೀತು.

ಆದ್ದರಿಂದ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಹಿಂದೂಪುರ, ಕಲ್ಯಾಣದುರ್ಗಗಳ ಸುತ್ತಲಿನ ನಿಮ್ಮ ಊರುಗಳಲ್ಲಿ ಬೀಸುಕಲ್ಲಿನ ಒಂದೊಂದು ಅಂಗಕ್ಕೂ, ಹಿಟ್ಟಿನ ಒಂದೊಂದು ಹಂತಕ್ಕೂ ಇರುವ ಮಾತುಗಳನ್ನು ಹಿರಿಯರಿಂದ ಕೇಳಿ ಬರೆದು ತನ್ನಿ. ಪದ, ಅರ್ಥ, ಹೇಳಿದವರ ಊರು, ಅವರ ಮನೆಮಾತು ಕನ್ನಡವೋ ತೆಲುಗೋ ಮರಾಠಿಯೋ ಎಂಬ ನಾಲ್ಕು ಕಲಮುಗಳಿರಲಿ. ಬಳಿಕ ನಿಮ್ಮ ಮನೆಯಲ್ಲಿರುವ ಯಾವುದಾದರೂ ಒಂದು ಯಂತ್ರವನ್ನು ಆರಿಸಿಕೊಂಡು, ಅದನ್ನು ಹೂಡಿ ನಡೆಸುವ ಬಗೆಯನ್ನು ಎರಡು ಪುಟಗಳಲ್ಲಿ ವಿವರಿಸಿ. ಬರೆದುದನ್ನು ಮನೆಯ ಹಿರಿಯರೊಬ್ಬರಿಗೆ ಓದಿ ಹೇಳಿ. ಅವರು ಯಾವ ಪದಕ್ಕೆ ತಡೆದು ‘ಹಾಗೆಂದರೇನು?’ ಎಂದು ಕೇಳುತ್ತಾರೋ ಅದನ್ನು ಗುರುತು ಹಾಕಿ ತನ್ನಿ; ತರಗತಿಯಲ್ಲಿ ನಮ್ಮ ಚರ್ಚೆ ಆ ಗುರುತುಗಳಿಂದಲೇ ಆರಂಭವಾಗುತ್ತದೆ.